ಸ್ಕೋರು ಹೇಳುವವರು

ಮಗಳು ಬಾಸ್ಟನ್‌ಗೆ ಹೋಗಿ ನಾಲ್ಕು ವರ್ಷವಾಯಿತು. ಮೊದಲು ಫೋನಿನಲ್ಲಿ ಊಟ, ಚಳಿ, ಬಾಡಿಗೆಯ ಮಾತಿರುತ್ತಿತ್ತು. ಈಗ ಬರೀ ಬೇಸ್‌ಬಾಲ್. ರೆಡ್ ಸಾಕ್ಸ್ ಅವಳ ತಂಡ. ಡೊಂಬಿವಲಿ ಲೋಕಲ್‌ನಲ್ಲಿ ಮೂವತ್ತು ವರ್ಷ ನೇತಾಡಿದ ನನಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿಲ್ಲ. ಅವಳ ಮಾತು ಅರ್ಥವಾಗಲಿ ಎಂದು ಪುಸ್ತಕ ಹಿಡಿದೆ.

ಮೊದಲು ಓದಿದ್ದು ಮೈಕೆಲ್ ಲೂಯಿಸ್ ಅವರ 'ಮನಿಬಾಲ್' (2003). ಕೈಯಲ್ಲಿ ದುಡ್ಡಿಲ್ಲದ ಓಕ್ಲೆಂಡ್ ತಂಡ ಅಂಕಿಅಂಶ ನಂಬಿ ಶ್ರೀಮಂತ ತಂಡಗಳ ಎದುರು ನಿಂತ ಕಥೆ. ಬ್ಯಾಂಕಿನಲ್ಲಿದ್ದ ನನಗೆ ರುಚಿಸಿತು. ಆಮೇಲೆ 'ದ ಗ್ಲೋರಿ ಆಫ್ ದೇರ್ ಟೈಮ್ಸ್' (1966). ಲಾರೆನ್ಸ್ ರಿಟ್ಟರ್ ಟೇಪ್ ರೆಕಾರ್ಡರ್ ಹೊತ್ತು ಊರೂರು ಸುತ್ತಿ, ವಯಸ್ಸಾದ ಆಟಗಾರರಿಂದ ಅವರ ಕಾಲದ ಕಥೆ ಹೇಳಿಸಿದ್ದಾರೆ. ಆಟದ ನಿಯಮ ಗೊತ್ತಿಲ್ಲದವರೂ ಓದಬಹುದು.

ಒಂದೇ ಪುಸ್ತಕ ಓದುತ್ತೇನೆ ಎನ್ನುವವರಿಗೆ ಡೋರಿಸ್ ಕರ್ನ್ಸ್ ಗುಡ್‌ವಿನ್ ಅವರ 'ವೇಟ್ ಟಿಲ್ ನೆಕ್ಸ್ಟ್ ಇಯರ್' (1997) ಸಾಕು. ಅವರ ಬಾಲ್ಯದ ಬ್ರೂಕ್ಲಿನ್ ಡಾಡ್ಜರ್ಸ್ ತಂಡ 1955ರಲ್ಲಿ ಕೊನೆಗೂ ವರ್ಲ್ಡ್ ಸೀರೀಸ್ ಗೆದ್ದಿತು, 1957ರ ಸೀಸನ್ ಮುಗಿದ ಮೇಲೆ ಲಾಸ್ ಏಂಜಲೀಸ್‌ಗೆ ಗುಳೆ ಹೋಯಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಅಪ್ಪ ಕೆಲಸಕ್ಕೆ ಹೋದಾಗ ಆ ಹುಡುಗಿ ರೇಡಿಯೋ ಕೇಳುತ್ತ ಸ್ಕೋರು ಬರೆದಿಟ್ಟು, ಸಂಜೆ ಅಪ್ಪನಿಗೆ ಇಡೀ ಆಟ ಒಪ್ಪಿಸುತ್ತಾಳೆ. ಪೇಪರಿನಲ್ಲಿ ಎಲ್ಲವೂ ಬರುತ್ತದೆಂದು ಅಪ್ಪ ಬಾಯಿಬಿಡುವುದಿಲ್ಲ.

ನಾನೂ ಹೀಗೇ ಮಾಡಿದವನು. 1975ರ ಜನವರಿ, ಮದರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಟೆಸ್ಟು. ಹುಬ್ಬಳ್ಳಿಯ ಮನೆಯಲ್ಲಿ ಹತ್ತು ವರ್ಷದ ನಾನು ರೇಡಿಯೋಕ್ಕೆ ಕಿವಿ ಹಚ್ಚಿ ಕೂತಿದ್ದೆ. ಅಪ್ಪ ರೈಲ್ವೆ ವರ್ಕ್‌ಶಾಪಿನಿಂದ ಬಂದು ಸೈಕಲ್ ನಿಲ್ಲಿಸುವ ಮೊದಲೇ ಓಡಿದೆ: "ಅಪ್ಪಾ, ವಿಶ್ವನಾಥ್ 97 ನಾಟೌಟ್! ಉಳಿದಾವ್ರೆಲ್ಲಾ ಔಟ್!"

"ಹೌದೇನಲೇ? ಮುಂದ?"

ಒಂದೊಂದು ವಿಕೆಟ್ಟೂ ಹೇಳಿದೆ. ಚಹಾ ಆರುವವರೆಗೂ ಕೇಳಿದರು.

ಅಪ್ಪ ಹೋದ ಹದಿಮೂರನೆಯ ದಿನ ಅವರ ಜೊತೆ ಕೆಲಸ ಮಾಡಿದವರೊಬ್ಬರು ಊಟಕ್ಕೆ ಬಂದಿದ್ದರು. ಈ ಕಥೆ ಹೇಳಿದೆ. ನಕ್ಕುಬಿಟ್ಟರು: "ಶೆಡ್ಡಿನ್ಯಾಗ ಟ್ರಾನ್ಸಿಸ್ಟರ್ ಇತ್ತಲ್ಲೋ. ನಿಮ್ಮಪ್ಪನ ನಮಗೆಲ್ಲಾ ಸ್ಕೋರ್ ಕೂಗಿ ಹೇಳಾಂವ."

ಈಗ ಭಾನುವಾರ ಬೆಳಿಗ್ಗೆ ಮಗಳ ಫೋನು ಬರುತ್ತದೆ. ಅಲ್ಲಿನ್ನೂ ಶನಿವಾರ ರಾತ್ರಿ, ಆಟ ಆಗಷ್ಟೇ ಮುಗಿದಿರುತ್ತದೆ. ಸ್ಕೋರನ್ನು ನಾನು ಮೊಬೈಲಿನಲ್ಲಿ ನೋಡಿಯಾಗಿರುತ್ತದೆ.

"ಅಪ್ಪಾ, ಇವತ್ತೇನಾಯ್ತು ಗೊತ್ತಾ?"

"ಇಲ್ಲವ್ವಾ, ಹೇಳು" ಎನ್ನುತ್ತೇನೆ.