ರೂಪವೂ ಶಬ್ದವೂ

ಕಣ್ಣಿಗೆ ಪೂರ್ಣವೆಂದು ತೋರಿದ ಕಾರ್ಯವು ಕಿವಿಗೆ ಅಪೂರ್ಣವಾಗಿರುವುದುಂಟು.

ಒಂದು ಮನೆಯಲ್ಲಿ ಟಿ.ವಿ. ಕೆಟ್ಟುಹೋಗಲು, ಹುಡುಗನು ತನ್ನ ಪ್ಲೇಸ್ಟೇಷನ್ 3 ಎಂಬ ಆಟದ ಯಂತ್ರವನ್ನು ಕಂಪ್ಯೂಟರಿನ ಹಳೆಯ ಮಾನಿಟರಿಗೆ ಜೋಡಿಸಿದನು. 2006ರಲ್ಲಿ ಜಪಾನಿನಲ್ಲಿ ಹೊರಬಂದ ಈ ಯಂತ್ರವು ಚಿತ್ರವನ್ನೂ ಧ್ವನಿಯನ್ನೂ ಎಚ್‌ಡಿಎಂಐ ಎಂಬ ಒಂದೇ ತಂತಿಯಲ್ಲಿ ಕಳುಹಿಸತಕ್ಕದ್ದು. ಮಾನಿಟರಿನಲ್ಲಿದ್ದುದಾದರೋ 1999ರಲ್ಲಿ ಬಳಕೆಗೆ ಬಂದ ಡಿವಿಐ ದ್ವಾರ. ಅದು ಚಿತ್ರಕ್ಕಾಗಿಯೇ ಏರ್ಪಟ್ಟುದು. ನಡುವೆ ಅಡಾಪ್ಟರೊಂದನ್ನು ಸಿಕ್ಕಿಸಲು ತೆರೆಯ ಮೇಲೆ ಚಿತ್ರವು ಮೂಡಿತು, ಧ್ವನಿಯು ಬರಲಿಲ್ಲ.

ಹುಡುಗನಿಗೆ ಅಷ್ಟೇ ಸಾಕಾಗಿದ್ದಿತು. ಆದರೆ ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯ ದೃಷ್ಟಿ ಹೋಗಿ ಬಹುಕಾಲವಾಗಿದ್ದಿತು. ಮೊಮ್ಮಗನ ಗೆಲವನ್ನೂ ಸೋಲನ್ನೂ ಆಕೆ ಯಂತ್ರದ ದನಿಯಿಂದಲೇ ಅರಿಯುತ್ತಿದ್ದಳು. “ಏನಪ್ಪಾ, ಆಟ ನಿಲ್ಲಿಸಿಬಿಟ್ಟೆಯಾ?” ಎಂದು ಆಕೆ ಕೇಳಲು, ಆಡುತ್ತಿದ್ದವನ ಕೈ ನಿಂತಿತು.

ಯಂತ್ರದ ಬೆನ್ನಿನಲ್ಲಿ ಹಳೆಯ ಬಗೆಯ ತಂತಿಗಳಿಗೆಂದು ಇನ್ನೊಂದು ದ್ವಾರವಿದ್ದಿತು. ಅಲ್ಲಿಂದ ಹೊರಟ ಕೆಂಪು ಬಿಳಿ ತಂತಿಗಳನ್ನು ಸ್ಪೀಕರಿಗೆ ಸೇರಿಸಿ, ಧ್ವನಿಯು ಆ ಮಾರ್ಗವಾಗಿ ಹೋಗುವಂತೆ ಯಂತ್ರದ ಸೆಟ್ಟಿಂಗಿನಲ್ಲಿ ಗೊತ್ತುಮಾಡಿದನು. ದನಿಯು ಕೇಳಿಬಂದಿತು.

ಅಜ್ಜಿಯು ಗೋಡೆಗೆ ಒರಗಿಕೊಂಡು, “ಹೂಂ, ಈಗ ಆಡು” ಎಂದಳು.