ನಮ್ಮ ಕಡೆಯ ಕಲ್ಲುಬೆಟ್ಟಗಳು

ಬೆಟ್ಟವೆಂದೊಡನೆ ನಮ್ಮ ರಸಿಕರ ಮನಸ್ಸು ಮಲೆನಾಡಿಗೆ ಓಡುವುದು ವಾಡಿಕೆ. ಹಸುರು, ಮಂಜು, ಝರಿ, ಜಲಪಾತ ಇವುಗಳಿಲ್ಲದ ಎತ್ತರವನ್ನು ಬೆಟ್ಟವೆಂದು ಒಪ್ಪಲು ಅವರಿಗೆ ಏನೋ ಸಂಕೋಚ. ಮೈಸೂರು, ಮಂಡ್ಯ, ತುಮಕೂರು ಸೀಮೆಗಳ ಬೆಟ್ಟಗಳಿಗೆ ಈ ಅಲಂಕಾರಗಳು ಯಾವುವೂ ಇಲ್ಲ. ರಾಗಿಯ ಹೊಲ, ಕಬ್ಬಿನ ಗದ್ದೆಗಳ ನಡುವೆ ಇದ್ದಕ್ಕಿದ್ದಂತೆ ಎದ್ದು ನಿಂತ ಬರಿಯ ಕಲ್ಲು ಅವು. ಅಲ್ಲಿಗೆ ಹೋಗುವವರೂ ನೆತ್ತಿಯ ಮೇಲಿರುವ ದೇವರಿಗಾಗಿ ಹೋಗುತ್ತಾರೆಯೇ ಹೊರತು ಬೆಟ್ಟಕ್ಕಾಗಿ ಹೋಗುವುದು ಅಪರೂಪ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ವಾರಕ್ಕೊಮ್ಮೆ ಹತ್ತುವ ಸ್ನೇಹಿತರು ನನಗಿದ್ದಾರೆ. ನಡುದಾರಿಯ ದೊಡ್ಡ ಬಸವನನ್ನು ಎಲ್ಲಿಂದಲೋ ಎಳೆದು ತಂದು ಕೂರಿಸಿದ್ದಲ್ಲ, ಅಲ್ಲಿಯೇ ಇದ್ದ ಬಂಡೆಯನ್ನು ಹದಿನೇಳನೆಯ ಶತಮಾನದ ಶಿಲ್ಪಿಗಳು ಬಸವನಾಗಿ ಕಡೆದರು ಎಂದು ಹೇಳಿದಾಗ ಅವರಲ್ಲಿ ಕೆಲವರು ಬೆರಗಾದರು. ದೇವರನ್ನು ಕಂಡಿದ್ದರು, ಕಲ್ಲನ್ನು ಕಂಡಿರಲಿಲ್ಲ.

ನನಗೆ ಈ ಕಲ್ಲುಬೆಟ್ಟಗಳ ಗೀಳು ಹತ್ತಿ ಬಹಳ ವರ್ಷಗಳಾದುವು. ಕರೀಘಟ್ಟ, ಮೇಲುಕೋಟೆ, ಸಾವನದುರ್ಗ, ಮಧುಗಿರಿ ಹೀಗೆ ಒಂದೊಂದನ್ನೂ ಹತ್ತಿ ಇಳಿದಿದ್ದೇನೆ. ಮಧುಗಿರಿಯಂತಹ ಬೆಟ್ಟವನ್ನು ಬುಡದಿಂದ ನೋಡಿದವನಿಗೆ, ಇದು ಬೆಟ್ಟವೋ ಒಂದೇ ಒಂದು ಕಲ್ಲೋ ಎಂಬ ಶಂಕೆ ಬಾರದಿರದು. ವಸ್ತುತಃ ಅದು ಎರಡೂ ಹೌದು. ಸಾವನದುರ್ಗದ ಕಡಿದಾದ ಮೈಯನ್ನು ನೋಡಿದರೆ, ಇದನ್ನು ಯಾವ ಸೈನ್ಯವೂ ಹತ್ತಲಾರದೆಂದು ಟಿಪ್ಪುವಿನ ಕಡೆಯವರು ನಂಬಿದುದರಲ್ಲಿ ಆಶ್ಚರ್ಯವೇನಿಲ್ಲ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ದಂಡು ಅದನ್ನು ಹಿಡಿಯಿತೆಂಬುದು ಬೇರೆಯ ಮಾತು. ಆದರೆ ಹೆಸರುವಾಸಿಯಾದ ಆ ದುರ್ಗಗಳಿಗಿಂತ ಮೈಸೂರಿಗೆ ಹತ್ತಿರವಾದ ಒಂದು ಚಿಕ್ಕ ಬೆಟ್ಟದ ವಿಷಯವನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ. ಅದು ಪಾಂಡವಪುರದ ಕುಂತಿಬೆಟ್ಟ.

ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಇಲ್ಲಿ ಬೀಡುಬಿಟ್ಟಿದ್ದುದರಿಂದ ಇಂಗ್ಲಿಷರು ಇದನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ಊರಿನವರು ಮಾತ್ರ ಅಜ್ಞಾತವಾಸಿಗಳಾದ ಪಾಂಡವರನ್ನು ತಾಯಿಯೊಡನೆ ಈ ಬಂಡೆಗಳ ನಡುವೆ ತಂಗಿಸಿದರು. ದಂಡು ಬಂದು ಹೋಯಿತು, ಇಂಗ್ಲಿಷ್ ಹೆಸರು ಅಳಿಸಿತು, ಕುಂತಿ ಉಳಿದಳು. ಚರಿತ್ರೆಗೂ ಪುರಾಣಕ್ಕೂ ಒಂದೇ ಕಲ್ಲು ಆಸರೆ ಕೊಟ್ಟಿತು ಎನ್ನಬಹುದು.

ಕಳೆದ ಮಾಗಿಯಲ್ಲಿ ಮಿತ್ರರೊಬ್ಬರೊಡನೆ ಬೆಳಗಿನ ರೈಲಿನಲ್ಲಿ ಹೊರಟು, ಬಿಸಿಲೇರುವ ಮೊದಲೇ ಬೆಟ್ಟದ ಬುಡವನ್ನು ಸೇರಿದೆವು. ಮೊದಲು ತಂಗಡಿ, ಬಂದರೆ, ಲಂಟಾನದ ಪೊದೆಗಳು. ಆಮೇಲೆ ಪೊದೆಗಳೂ ಹಿಂದೆ ಉಳಿದು ಬರಿಯ ಬಂಡೆ. ರಾತ್ರಿಯ ತಂಪು ಇನ್ನೂ ಕಲ್ಲಿನಲ್ಲಿತ್ತು. ಇಳಿಜಾರಿನ ಬಂಡೆಯ ಮೇಲೆ ನಡೆಯುವವನು ಜೋಡು ಕಳಚಿ ಕೈಯಲ್ಲಿ ಹಿಡಿಯುವುದೇ ಲೇಸು. ಆಗ ಅಂಗಾಲಿಗೆ ಕಲ್ಲಿನ ತರಿ, ಒಣಗಿದ ಪಾಚಿಯ ನುಣುಪು, ನೀರು ಹರಿದ ಕಪ್ಪು ಗೆರೆ ಒಂದೊಂದೂ ಬೇರೆ ಬೇರೆಯಾಗಿ ತಿಳಿಯುತ್ತದೆ. ಅಲ್ಲಲ್ಲಿ ಆನೆಗಾತ್ರದ ಗುಂಡುಗಳು ಒಂದರ ಮೇಲೊಂದು ಕುಳಿತಿವೆ. ಅವುಗಳ ಕೆಳಗೆ ನುಸುಳಿ ಹೋಗುವಾಗ, ಎಷ್ಟು ಧೈರ್ಯಶಾಲಿಯಾದರೂ ಒಮ್ಮೆ ತಲೆಯೆತ್ತಿ ನೋಡದಿರುವುದಿಲ್ಲ.

ಅರ್ಧ ದಾರಿಯಲ್ಲಿ ಆಡು ಮೇಯಿಸುತ್ತಿದ್ದ ಮುದುಕರೊಬ್ಬರು ಸಿಕ್ಕಿದರು. “ದೇವಸ್ಥಾನ ಆ ಕಡೆ ಐತೆ, ಸ್ವಾಮಿ” ಎಂದು ಕೈ ತೋರಿಸಿದರು. “ಕಲ್ಲು ನೋಡಲು ಬಂದೆವು, ಯಜಮಾನರೇ” ಎಂದೆ. ಅವರು ನಗಲಿಲ್ಲ. “ಹಂಗಾದ್ರೆ ಬನ್ನಿ” ಎಂದು ಮುಂದೆ ನಡೆದರು. ಅನಂತರದ ಒಂದು ಗಂಟೆಯ ಕಾಲ ನಮಗೆ ನಡೆದುದು ಪಾಠವೇ ಸರಿ. ನಾವು ಬಾಯಿತುಂಬ ‘ಬಂಡೆ’ ಎಂದು ಕರೆಯುತ್ತಿದ್ದುದು ಅವರ ಬಾಯಲ್ಲಿ ಹತ್ತು ವಸ್ತುಗಳಾಯಿತು. ಚಪ್ಪಟೆಯಾಗಿ ಹರಡಿದ್ದು ಹಾಸರೆ; ದುಂಡಗೆ ಬಿಡಿಯಾಗಿ ನಿಂತದ್ದು ಗುಂಡು; ಮಳೆಯ ನೀರು ನಿಲ್ಲುವ ಕಲ್ಲಿನ ಕುಳಿ ದೊಣೆ; ಆಡು ಮಳೆಗೆ ನಿಲ್ಲಬಹುದಾದದ್ದು ಗವಿ; ಮನುಷ್ಯ ಅಡ್ಡಲಾಗಿ ಮಾತ್ರ ತೂರಬಲ್ಲದ್ದು ಸಂದು. ಯಾವ ದೊಣೆಯಲ್ಲಿ ಸಂಕ್ರಾಂತಿಯವರೆಗೆ ನೀರಿರುತ್ತದೆ, ಯಾವುದು ದೀಪಾವಳಿಗೇ ಬತ್ತುತ್ತದೆ ಎಂಬುದು ಅವರಿಗೆ ತಮ್ಮ ಮನೆಯ ಗಡಿಗೆಗಳಷ್ಟು ಪರಿಚಿತ. ಒಂದು ಸಂದನ್ನು ತೋರಿಸಿ, ಅದರೊಳಕ್ಕೆ ಮಾತ್ರ ನಮ್ಮನ್ನು ಬಿಡಲಿಲ್ಲ. ಚಿರತೆ ಅಲ್ಲಿ ಮಲಗುವುದುಂಟಂತೆ.

ಈ ಕಲ್ಲುಗಳು ಹೀಗೇಕಿವೆ ಎಂಬುದಕ್ಕೆ ಶಾಸ್ತ್ರಜ್ಞರು ಕೊಡುವ ಉತ್ತರ ಪುರಾಣಕ್ಕಿಂತ ಕಡಿಮೆ ಬೆರಗಿನದಲ್ಲ. ಮೈಸೂರು ಸಂಸ್ಥಾನವು 1894ರಲ್ಲಿಯೇ ಭೂವಿಜ್ಞಾನದ ಇಲಾಖೆಯೊಂದನ್ನು ಸ್ಥಾಪಿಸಿತು. ಅದರ ಮುಖ್ಯಸ್ಥರಾಗಿದ್ದ ಸ್ಮೀತ್ ಎಂಬವರು ದಕ್ಷಿಣದ ಈ ನೆಲಗಟ್ಟಿನ ಶಿಲೆಗೆ ‘ಪೆನಿನ್ಸುಲಾರ್ ನೈಸ್’ ಎಂದು ಹೆಸರಿಟ್ಟರು. ಬೆಂಗಳೂರಿನ ಲಾಲ್‌ಬಾಗಿನಲ್ಲಿರುವ ಹಾಸುಬಂಡೆ ಆ ಜಾತಿಯದು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ರಾಮನಗರ, ಸಾವನದುರ್ಗ, ಮಧುಗಿರಿಗಳ ಗ್ರಾನೈಟ್ ಶಿಲೆಗೆ ಸುಮಾರು 250 ಕೋಟಿ. ನಮ್ಮ ಚಾಮುಂಡಿ ಬೆಟ್ಟದ್ದು ಇವುಗಳ ನಡುವೆ ಹಸುಗೂಸು, ಸುಮಾರು 80 ಕೋಟಿ. ಹಿಮಾಲಯವು ಏಳತೊಡಗಿದ್ದು ಕೇವಲ ಐದು ಕೋಟಿ ವರ್ಷಗಳಷ್ಟು ಹಿಂದೆ ಎಂಬುದನ್ನು ನೆನೆದರೆ, ಹಿರಿತನದಲ್ಲಿ ಯಾರು ಯಾರಿಗೆ ನಮಸ್ಕರಿಸಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಗ್ರಾನೈಟ್ ಭೂಮಿಯ ಆಳದಲ್ಲಿ ಭಾರೀ ಒತ್ತಡದ ಕೆಳಗೆ ಹೆಪ್ಪುಗಟ್ಟಿದ ಶಿಲೆ. ಮೇಲಿನ ಮಣ್ಣುಕಲ್ಲುಗಳು ಯುಗಯುಗಗಳಲ್ಲಿ ಕೊಚ್ಚಿಹೋದಾಗ, ಹೊರೆ ಇಳಿಸಿದ ಕೂಲಿಯವನಂತೆ ಅದು ಮೈ ಸಡಿಲಿಸುತ್ತದೆ. ಆ ಸಡಿಲಿಕೆಯಲ್ಲಿ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿರಿಯುತ್ತದೆ. ಬೆಟ್ಟದ ನೆತ್ತಿಯ ದುಂಡು, ಪಕ್ಕದಲ್ಲಿ ಜಾರಿ ನಿಂತ ಚಪ್ಪಡಿ ಇವೆರಡೂ ಆ ಬಿರುಕಿನ ಫಲ. ಇನ್ನು ಗುಂಡುಗಳಾದರೋ, ಶಿಲೆಯ ಉದ್ದಗಲಗಳಲ್ಲಿ ಮೊದಲೇ ಇದ್ದ ಸೀಳುಗಳಿಗೆ ನೀರು ಇಳಿದು, ಮೂಲೆಗಳನ್ನು ಕೊಳೆಯಿಸಿ ಮಣ್ಣುಮಾಡಿತು. ಮಣ್ಣು ತೊಳೆದುಹೋಗಿ ಒಳಗಿನ ಗಟ್ಟಿ ತಿರುಳು ಮಾತ್ರ ಉಳಿಯಿತು. ಯಾರೂ ಅವನ್ನು ಎತ್ತಿ ಇಡಲಿಲ್ಲ. ಸುತ್ತಲಿನದನ್ನು ಮಳೆ ತೆಗೆದುಕೊಂಡು ಹೋಯಿತು, ಅಷ್ಟೆ. ಭೀಮನ ಕೈಚಳಕವೆಂದು ಹಳ್ಳಿಯವರು ಹೇಳುವುದನ್ನು ನಾನು ಹಳಿಯಲಾರೆ. ಕಾರಣವಿಲ್ಲದೆ ಇದು ಹೀಗೆ ನಿಂತಿರದೆಂದು ಅವರಿಗೂ ತೋರಿತ್ತು. ನೀರಿನ ಕೆಲಸಕ್ಕೆ ಬೇಕಾದ ಕೋಟಿ ವರ್ಷಗಳ ಲೆಕ್ಕ ಅವರ ಬಳಿ ಇರಲಿಲ್ಲ; ಭೀಮನಿದ್ದನು.

ನೆತ್ತಿಯನ್ನು ಮುಟ್ಟಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಕೆಳಗೆ ಕಾಲುವೆಯ ನೀರುಂಡ ಗದ್ದೆಗಳು, ತೆಂಗಿನ ತೋಟಗಳು. ಉತ್ತರಕ್ಕೆ ಮೇಲುಕೋಟೆಯ ಕಡೆಯ ಸಾಲುಗುಡ್ಡಗಳು. ಇವೆಲ್ಲದರ ನಡುವೆ ದೂರದ ಒಂದು ಗುಡ್ಡ ಮಾತ್ರ ವಿಕಾರವಾಗಿತ್ತು. ಅದರ ಒಂದು ಮಗ್ಗುಲನ್ನು ಕತ್ತಿಯಿಂದ ಕುಯ್ದಂತೆ ತೆಗೆದಿದ್ದರು. ಗಾಯ ಬೆಳ್ಳಗೆ ಹೊಳೆಯುತ್ತಿತ್ತು. “ಅದಕ್ಕೂ ಒಂದು ಹೆಸರಿತ್ತು, ಸ್ವಾಮಿ. ಈಗ ಕ್ವಾರಿ ಅಂತಾರೆ” ಎಂದರು ಮುದುಕರು. ಅದರ ಮೇಲೆಯೂ ದೊಣೆಗಳಿದ್ದವೇ ಎಂದು ಕೇಳಿದೆ. ಎರಡಿದ್ದವು ಎಂದು ಹೇಳಿ ಅವುಗಳ ಹೆಸರನ್ನೂ ಹೇಳಿದರು.

ಕಲ್ಲನ್ನು ಒಡೆಯಲೇಬಾರದೆಂದು ವಾದಿಸುವ ಹಕ್ಕು ನಮಗಿಲ್ಲ. ನಮ್ಮ ಅರಮನೆ ಕಲ್ಲಿನದು, ದೇವಾಲಯಗಳು ಕಲ್ಲಿನವು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ಕಲ್ಲು ಮತ್ತು ಸುರ್ಕಿಗಾರೆಗಳಿಂದಲೇ ಕಟ್ಟಿದರು. ಆದರೆ ಸಾಲುಗುಳಿ ತೋಡಿ ಬೆಣೆ ಹೊಡೆದು ಕಲ್ಲು ಸೀಳುತ್ತಿದ್ದ ಕಲ್ಲುಕುಟಿಗನ ಹಸಿವು ಒಂದು ಬಗೆ. ಸಿಡಿಮದ್ದು, ಯಂತ್ರಗಳ ಹಸಿವು ಮತ್ತೊಂದು ಬಗೆ. ಬೇಬಿ ಬೆಟ್ಟದ ಸುತ್ತಲ ಸಿಡಿತಗಳಿಂದ ಅದೇ ಕಟ್ಟೆಗೆ ಅಪಾಯವೆಂಬ ಕೂಗೆದ್ದು, 2024ರ ಜನವರಿಯಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಕಟ್ಟೆಯ ಸುತ್ತ 20 ಕಿಲೋಮೀಟರಿನೊಳಗೆ ಗಣಿಗಾರಿಕೆಯನ್ನು ತಡೆಯಬೇಕಾಯಿತು. ಕಟ್ಟೆಗಾಗಿ ಬೆಟ್ಟಕ್ಕೆ ರಕ್ಷಣೆ ದೊರೆಯಿತು, ಸಂತೋಷ. ಆದರೆ ಹತ್ತಿರದಲ್ಲಿ ಕಟ್ಟೆಯಿಲ್ಲದ ಬೆಟ್ಟದ ಗತಿಯೇನು? ರಾಮನಗರದ ರಾಮದೇವರ ಬೆಟ್ಟಕ್ಕೆ ರಣಹದ್ದುಗಳು ಒದಗಿದವು; ಅವು ಗೂಡುಕಟ್ಟುವ ಕಡಿಬಂಡೆಗಳೆಂಬ ಕಾರಣದಿಂದ 2012ರಲ್ಲಿ ಅದು ರಕ್ಷಿತ ಧಾಮವಾಯಿತು. ಎಲ್ಲ ಬೆಟ್ಟಗಳಿಗೂ ಹದ್ದುಗಳ ಪುಣ್ಯವಿಲ್ಲ.

ಕನ್ನಂಬಾಡಿಯ ನೀರಿನಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿಯ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಗುರುತು ಹಾಕಿ, ದಡದ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿ ನಿಲ್ಲಿಸಿರುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. ಮನುಷ್ಯನು ಕಟ್ಟಿದ್ದನ್ನು ಮನುಷ್ಯನು ಮರಳಿ ಕಟ್ಟಬಲ್ಲನು. ಹಾಸರೆಯನ್ನೂ ದೊಣೆಯನ್ನೂ ಹಾಗೆ ಕಟ್ಟುವ ಸ್ಥಪತಿ ಇನ್ನೂ ಹುಟ್ಟಿಲ್ಲ. ಅವುಗಳೊಡನೆ ಅವುಗಳ ಹೆಸರುಗಳೂ ಹೋಗುತ್ತವೆ. ಕಾಗದದಲ್ಲಿ ‘ಸರ್ಕಾರಿ ಖರಾಬು’ ಎಂದಷ್ಟೇ ದಾಖಲಾದ ಜಾಗಕ್ಕೆ ಒಂದು ಹೆಸರಿದೆ, ಒಂದು ಕಥೆಯಿದೆ, ಬೇಸಗೆಯಲ್ಲಿ ಮೇಕೆಗೆ ನೀರಿದೆ ಎಂದು ಹೇಳುವವರು ಇಲ್ಲವಾದರೆ ಅದನ್ನು ಹರಾಜಿಗಿಡುವುದು ಯಾರಿಗೂ ಕಷ್ಟವಾಗುವುದಿಲ್ಲ.

ನಮ್ಮಂತಹ ಜಿಲ್ಲಾ ಸಂಘಗಳು ಶಾಸನಗಳನ್ನು ಸಂಗ್ರಹಿಸಿವೆ, ಜನಪದ ಗೀತೆಗಳನ್ನು ಬರೆದಿಟ್ಟುಕೊಂಡಿವೆ. ಆ ಸಾಲಿಗೆ ಈ ಕೆಲಸವನ್ನೂ ಸೇರಿಸಬಾರದೇಕೆ? ಪ್ರತಿಯೊಂದು ತಾಲ್ಲೂಕಿನಲ್ಲಿ ಇಬ್ಬರು ಮೂವರು ಸದಸ್ಯರು ರಜೆಯ ದಿನಗಳಲ್ಲಿ ಶಾಲೆಯ ಹುಡುಗರನ್ನು ಕರೆದುಕೊಂಡು ತಮ್ಮ ಊರಿನ ಬೆಟ್ಟವನ್ನು ಹತ್ತಲಿ. ಆಡು ಮೇಯಿಸುವವರನ್ನು ಗುರುಗಳೆಂದು ಭಾವಿಸಿ, ಒಂದೊಂದು ಗುಂಡಿನ, ದೊಣೆಯ, ಗವಿಯ ಹೆಸರನ್ನು ಕೇಳಿ ಬರೆದು ತರಲಿ. ಕುಂತಿಬೆಟ್ಟದಲ್ಲಿ ನಾವು ಅಂದು ಬರೆದುಕೊಂಡ ಹೆಸರುಗಳು ಹದಿನೇಳು. ಕ್ವಾರಿಯಾದ ಗುಡ್ಡದ ಎರಡು ದೊಣೆಗಳ ಹೆಸರನ್ನೂ ಅದೇ ಪಟ್ಟಿಯ ಕೊನೆಯಲ್ಲಿ ಸೇರಿಸಿದ್ದೇನೆ.