ಪುರ್ತಗೇರಿಯಿಂದ ಜರ್ಮನಿಗೆ, ಕಾಗದದ ದಾರಿ

ಗಜೇಂದ್ರಗಡಕ್ಕೆ ಸಮೀಪದ ಪುರ್ತಗೇರಿಯಲ್ಲಿ ನಿಂತರೆ ಜರ್ಮನಿ ಬಹಳ ದೂರ. ಆದರೆ ಹುಬ್ಬಳ್ಳಿಯಲ್ಲೋ ಬಾಗಲಕೋಟೆಯಲ್ಲೋ ಎಂಜಿನಿಯರಿಂಗ್ ಮುಗಿಸಿದ ಹುಡುಗ ಮನೆಗೆ ಬಂದು, ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕವಿಲ್ಲ ಎಂದನೆನ್ನಿ, ಕಟ್ಟೆಯ ಮಾತು ಅಲ್ಲಿಗೇ ತಿರುಗುತ್ತದೆ. 'ಫೀ ಇಲ್ಲಂದ್ರ ಹೋಗಿ ಬಾ' ಎಂದು ಅಪ್ಪ ಸುಲಭವಾಗಿ ಹೇಳಿಬಿಡಬಹುದು. ದಾರಿ ಮಾತ್ರ ಅಷ್ಟು ಸುಲಭದ್ದಲ್ಲ.

ಮೊದಲ ತೊಡಕು ವಿದೇಶದ್ದಲ್ಲ, ಮನೆಯದೇ. ನಮ್ಮ ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಒಂದು ಕಾಗದದಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಒಂದೆಡೆ ತಂದೆಯ ಹೆಸರು ಪೂರ್ತಿ, ಇನ್ನೊಂದೆಡೆ ಬರೀ ಒಂದಕ್ಷರ. ಊರಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ವೀಸಾದವರು ಕೇಳುತ್ತಾರೆ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗುವ ಮೊದಲೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪದವಿ ಪ್ರಮಾಣಪತ್ರಗಳನ್ನು ಒಂದೇ ಚಾಪೆಯ ಮೇಲೆ ಹರವಿ ಹೋಲಿಸಿಕೊಳ್ಳುವುದು ಜಾಣತನ.

ಷೆಂಗೆನ್ ಪ್ರವಾಸಿ ವೀಸಾ 180 ದಿನಗಳಲ್ಲಿ 90 ದಿನಕ್ಕಷ್ಟೇ. ಅದರಲ್ಲಿ ಹೋಗಿ, ಅಲ್ಲೇ ವಿದ್ಯಾರ್ಥಿ ವೀಸಾಗೆ ಬದಲಾಯಿಸಿಕೊಂಡರಾಯಿತು ಎಂಬ ಏಜೆಂಟರ ಮಾತನ್ನು ನಂಬಬಾರದು. ಓದಲು ಬೇಕಾದದ್ದು 'ಡಿ' ವರ್ಗದ ರಾಷ್ಟ್ರೀಯ ವೀಸಾ. ಅದನ್ನು ಇಲ್ಲಿಂದಲೇ ಪಡೆದು ಹೋಗಬೇಕು. ಕರ್ನಾಟಕ, ಕೇರಳದವರಿಗೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್. ವೀಸಾ ಶುಲ್ಕ 75 ಯೂರೋ. ಅದಕ್ಕೂ ಮುನ್ನ ದೆಹಲಿಯ ಎಪಿಎಸ್ ಸಂಸ್ಥೆಯಿಂದ ಅಂಕಪಟ್ಟಿಗಳ ಪರಿಶೀಲನಾ ಪತ್ರ ತರಿಸಬೇಕು. 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳಿಗೆ ಇದು ಕಡ್ಡಾಯ. ವಾರಗಟ್ಟಲೆ ಹಿಡಿಯುವ ಕೆಲಸ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ, ಆದ್ದರಿಂದ ಹಿಂದಿನ ವರ್ಷವೇ ಕೈಹಚ್ಚಿದವರಿಗೆ ನಿದ್ದೆ ಬರುತ್ತದೆ.

ಅಸಲಿ ಪ್ರಶ್ನೆ ದುಡ್ಡಿನದು. ಫೀ ಇಲ್ಲವೆಂದರೂ ಒಂದು ವರ್ಷದ ಊಟ, ಬಾಡಿಗೆಗೆ 'ಬ್ಲಾಕ್ಡ್ ಅಕೌಂಟ್'ನಲ್ಲಿ 11,904 ಯೂರೋ ಮೊದಲೇ ಇಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ ಮೊತ್ತವಿದು. ಯೂರೋಗೆ ನೂರು ರೂಪಾಯಿ ಹಿಡಿದರೂ ಹನ್ನೆರಡು ಲಕ್ಷ ಸಮೀಪ! ಮಳೆಯನ್ನೇ ನಂಬಿದ ಹೊಲದವರಿಗೆ ಇದು ಸಣ್ಣ ಮಾತಲ್ಲ. ಸಮಾಧಾನವೆಂದರೆ ಅದು ಶುಲ್ಕವಲ್ಲ, ಹುಡುಗನದೇ ಹಣ. ಅಲ್ಲಿ ತಿಂಗಳಿಗೆ 992 ಯೂರೋದಂತೆ ಅವನ ಕೈಗೇ ಬರುತ್ತದೆ. ಆದರೆ ಸಾಲ ತಂದಿಟ್ಟಿದ್ದರೆ ತಿಂದು ಖಾಲಿಯಾದ ಮೇಲೂ ಸಾಲ ಸಾಲವೇ. ಹೊಲ ಒತ್ತೆ ಇಡುವ ಮುನ್ನ ಎರಡನೆಯ ವರ್ಷದ ಖರ್ಚನ್ನೂ ಅಪ್ಪ, ಮಗ ಕೂತು ಲೆಕ್ಕ ಹಾಕಬೇಕು.

ವೀಸಾ ತಿರಸ್ಕೃತವಾದರೆ ಮೊದಲು ಕಚೇರಿಗೇ ಮರುಪರಿಶೀಲನೆಗೆ ಬರೆಯಬಹುದಿತ್ತು. 2025ರ ಜುಲೈ 1ರಿಂದ ಆ ದಾರಿ ಮುಚ್ಚಿದೆ. ಹೊಸ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್ನಿನ ನ್ಯಾಯಾಲಯ. ಪುರ್ತಗೇರಿಯವರು ಬರ್ಲಿನ್ನಿಗೆ ದಾವೆಗೆ ಹೋಗುವುದೆಲ್ಲಿ ಬಂತು? ಅರ್ಜಿಯನ್ನೇ ಎರಡು ಸಲ ಓದಿ ಹಾಕುವುದು ಅಗ್ಗ.

ಗದಗಿನಿಂದ ರಾತ್ರಿ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರು. ಬುತ್ತಿಯ ಗಂಟಿನ ಪಕ್ಕದಲ್ಲಿ ಕಾಗದದ ಫೈಲು. ಅದನ್ನು ಮಾತ್ರ ತಲೆದಿಂಬಿನ ಕೆಳಗೇ ಇಟ್ಟುಕೊಂಡು ಮಲಗಬೇಕು.